‘ಸುಮ್ನೆ ಒಂದು ಸ್ಕ್ರಿಪ್ಟ್ ಸಾಕಲ್ವಾ ಸಾರ್?’

ಮೈಸೂರಲ್ಲಿ ಕೋರ್ಸ್ ಸೇರಿದವರಾಗಲಿ, ಮಂಡ್ಯದಿಂದ ಫೈನಲ್ ಇಯರ್ ಪ್ರಾಜೆಕ್ಟ್ ಹಿಡಿದು ಬರುವವರಾಗಲಿ, ಕೇಳೋದು ಒಂದೇ: ಜಾಂಗೋದಲ್ಲಿ (ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟೋ ಫ್ರೇಮ್‌ವರ್ಕ್) ಟರ್ಮಿನಲ್‌ನಿಂದ ಓಡಿಸೋ ನಮ್ಮದೇ ಕಮಾಂಡ್ ಮಾಡೋದು ಹೇಗೆ? ಹೇಳಲು ಶುರು ಮಾಡಿದರೆ ಅರ್ಧಕ್ಕೇ ತಡೆದು, ‘ಇಷ್ಟೆಲ್ಲ ಯಾಕೆ, ಸುಮ್ನೆ ಒಂದು ಸ್ಕ್ರಿಪ್ಟ್ ಸಾಕಲ್ವಾ?’ ಅಂತಾರೆ.

ಸಾಕಪ್ಪ, ಬರ್ಕೊಳ್ಳಿ. ಸೆಟ್ಟಿಂಗ್ಸ್ ಎಲ್ಲಿದೆ ಅಂತ ನೀವೇ ಹೇಳಿ, ಸೆಟಪ್ ನೀವೇ ಕರೆದು, ಆಮೇಲಷ್ಟೇ ಮಾಡೆಲ್ ಇಂಪೋರ್ಟ್ ಮಾಡಿ. ಆರ್ಗ್ಯುಮೆಂಟ್, ಹೆಲ್ಪ್ ಎಲ್ಲ ಕೈಯಾರೆ ಕಟ್ಟಿ. ಪ್ರಾಜೆಕ್ಟ್ ಜೊತೆಗೇ ಬರೋ ಮ್ಯಾನೇಜ್ ಡಾಟ್ ಪೈ ಫೈಲ್ ಇದನ್ನೇ ಪುಕ್ಕಟೆ ಮಾಡಿಕೊಡುತ್ತೆ.

‘ಇಷ್ಟೆಲ್ಲ’ ಅಂದರೆ ಎಷ್ಟು? ಆ್ಯಪ್ ಒಳಗೆ ಮ್ಯಾನೇಜ್‌ಮೆಂಟ್ ಫೋಲ್ಡರ್, ಅದರೊಳಗೆ ಕಮಾಂಡ್ಸ್ ಫೋಲ್ಡರ್, ಅದರಲ್ಲೊಂದು ಪೈಥಾನ್ ಫೈಲ್. ಫೈಲಿನ ಹೆಸರೇ ಕಮಾಂಡಿನ ಹೆಸರು. ಅಂಡರ್‌ಸ್ಕೋರ್‌ನಿಂದ ಶುರುವಾದರೆ ಜಾಂಗೋ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ. ಕ್ಲಾಸಿನ ಹೆಸರು ಮಾತ್ರ ‘ಕಮಾಂಡ್’ ಅಂತಲೇ ಇರಬೇಕು, ಬೇಸ್‌ಕಮಾಂಡ್‌ನಿಂದ ಇಳಿದಿರಬೇಕು. ಕೆಲಸ ‘ಹ್ಯಾಂಡಲ್’ ಮೆಥಡ್‌ನಲ್ಲಿ, ಆಯ್ಕೆಗಳು ‘ಆ್ಯಡ್ ಆರ್ಗ್ಯುಮೆಂಟ್ಸ್’ನಲ್ಲಿ. ‘ಡ್ರೈ-ರನ್’ ಅಂತ ಹೈಫನ್ ಹಾಕಿ ಕೊಟ್ಟ ಆಯ್ಕೆ ಒಳಗೆ ಅಂಡರ್‌ಸ್ಕೋರ್ ಆಗಿ ಸಿಗುತ್ತೆ. ‘ಅನ್‌ನೋನ್ ಕಮಾಂಡ್’ ಅಂತ ಬಂದರೆ ಮೊದಲು ನೋಡಬೇಕಾದ್ದು ಸೆಟ್ಟಿಂಗ್ಸ್‌ನ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿ, ಆಮೇಲೆ ‘ಕಮಾಂಡ್ಸ್’ ಫೋಲ್ಡರ್ ಹೆಸರಿನ ಕೊನೆಯ ‘ಎಸ್’. ಮುಗೀತು ಉತ್ತರ.

ಯಾರಾದರೂ ಒಬ್ಬರು ‘ರಾತ್ರಿ ತಾನಾಗೇ ಓಡುವಾಗ ಕಮಾಂಡ್ ಕೆಟ್ಟರೆ ಗೊತ್ತಾಗೋದು ಹೇಗೆ?’ ಅಂತ ಕೇಳಬಾರದೇ! ನಿಜವಾದ ತಲೆನೋವು ಇರೋದು ಅಲ್ಲಿ.

ಕೆಆರ್‌ಎಸ್ ನೀರಿನ ಮಟ್ಟವನ್ನು ದಿನಾ ಒಂದು ಸಿಎಸ್‌ವಿಯಿಂದ ಡೇಟಾಬೇಸಿಗೆ ಸೇರಿಸೋ ಕಮಾಂಡ್ ಅಂತಿಟ್ಟುಕೊಳ್ಳಿ. ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಟೈಪ್ ಮಾಡಿದವರು ಚುಕ್ಕಿ ಮರೆತು 12480 ಅಂತ ಹಾಕಿದ್ದರೆ, ‘ತಪ್ಪು ಬಂತು’ ಅಂತ ಪ್ರಿಂಟ್ ಮಾಡಿ ಸುಮ್ಮನೆ ರಿಟರ್ನ್ ಆಗಬೇಡಿ. ಹಾಗೆ ಮಾಡಿದರೆ ಎಕ್ಸಿಟ್ ಕೋಡ್ (ಮುಗಿದಾಗ ಸಿಸ್ಟಮ್‌ಗೆ ಹೋಗೋ ಸಂಖ್ಯೆ; 0 ಅಂದರೆ ಸರಿ, ಬೇರೆ ಏನಿದ್ದರೂ ತಪ್ಪು) 0. ಹೇಳಿದ ಹೊತ್ತಿಗೆ ಕಮಾಂಡ್ ಓಡಿಸೋ ಕ್ರಾನ್ ಲೆಕ್ಕದಲ್ಲಿ ಎಲ್ಲ ಸುಸೂತ್ರ. ಕಮಾಂಡ್‌ಎರರ್ ರೈಸ್ ಮಾಡಿ: ಟ್ರೇಸ್‌ಬ್ಯಾಕ್ ಪುರಾಣ ಇಲ್ಲದೆ ಮೆಸೇಜ್ ತಪ್ಪುಗಳ ಔಟ್‌ಪುಟ್ ದಾರಿಯಾದ ಎಸ್‌ಟಿಡಿ‌ಎರರ್‌ಗೆ ಹೋಗುತ್ತೆ, ಎಕ್ಸಿಟ್ ಕೋಡ್ 1 ಬರುತ್ತೆ. ಹ್ಯಾಂಡಲ್‌ನಿಂದ ನೇರ 1 ರಿಟರ್ನ್ ಮಾಡೋ ಬುದ್ಧಿವಂತರೂ ಇದ್ದಾರೆ. ಜಾಂಗೋ ಆ 1 ಅನ್ನು ಪ್ರಿಂಟ್ ಮಾಡಬೇಕಾದ ಸ್ಟ್ರಿಂಗ್ ಅಂದುಕೊಂಡು ಅಲ್ಲೇ ಎಡವಿ ಬೀಳುತ್ತೆ.

ತಾರೀಖಿನ ಕಾಟ ಬೇರೆ. ಸೆಟ್ಟಿಂಗ್ಸ್‌ನಲ್ಲಿ ಯೂಸ್‌ಟಿಜೆಡ್ ಆನ್ ಇದ್ದಾಗ ‘ಟೈಮ್‌ಜೋನ್ ಡಾಟ್ ನೌ’ ಕೊಡೋದು ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರೋ ಸಮಯ. ಅದರಿಂದ ನೇರವಾಗಿ ತಾರೀಖು ತೆಗೆದರೆ, ಬೆಳಗ್ಗೆ ಐದೂವರೆಗೆ ಮುಂಚೆ ಓಡಿದ ಕಮಾಂಡ್ ಇವತ್ತಿನ ನೀರನ್ನು ನಿನ್ನೆಯ ಲೆಕ್ಕಕ್ಕೆ ಬರೆಯುತ್ತೆ. ಟೈಮ್‌ಜೋನನ್ನು ಏಷ್ಯಾ/ಕೋಲ್ಕತಾ ಅಂತ ಇಟ್ಟು ‘ಲೋಕಲ್‌ಡೇಟ್’ ಬಳಸಿ. ಅದೇ ದಿನ ಎರಡನೇ ಸಲ ಓಡಿದರೂ ಇನ್ನೊಂದು ಸಾಲು ಹುಟ್ಟದಂತೆ ತಾರೀಖಿನ ಮೇಲೆ ‘ಅಪ್‌ಡೇಟ್ ಆರ್ ಕ್ರಿಯೇಟ್’ ಹಾಕಿ. ಇಡೀ ಫೈಲನ್ನು ಅಟಾಮಿಕ್ ಬ್ಲಾಕ್‌ನೊಳಗೆ ಸುತ್ತಿದರೆ ನಡುವೆ ತಪ್ಪು ಸಿಕ್ಕಾಗ ಅರ್ಧಂಬರ್ಧ ಉಳಿಯಲ್ಲ.

ಪ್ರಿಂಟ್ ಬದಲು ‘ಸೆಲ್ಫ್ ಡಾಟ್ ಎಸ್‌ಟಿಡಿ‌ಔಟ್ ಡಾಟ್ ರೈಟ್’ ಬಳಸಿ. ಆಗ ಟೆಸ್ಟ್‌ನಲ್ಲಿ ‘ಕಾಲ್ ಕಮಾಂಡ್’ಗೆ (ಕೋಡ್‌ನಿಂದಲೇ ಕಮಾಂಡ್ ಓಡಿಸೋ ಫಂಕ್ಷನ್) ಮೆಮೊರಿಯಲ್ಲೇ ಇರೋ ಫೈಲಿನಂಥ ಒಂದು ಸ್ಟ್ರಿಂಗ್‌ಐಓ ಕೊಟ್ಟು ಔಟ್‌ಪುಟ್ ಹಿಡಿಯಬಹುದು.

‘ಟರ್ಮಿನಲ್‌ನಲ್ಲಿ ಓಡುತ್ತೆ, ಕ್ರಾನ್‌ನಲ್ಲಿ ಓಡಲ್ಲ’ ಅಂತ ಫೋನ್ ಮಾಡೋ ಮುಂಚೆ ಇಷ್ಟು ನೋಡಿ. ಕ್ರಾನ್‌ಗೆ ನಿಮ್ಮ ವರ್ಚುವಲ್ ಎನ್ವಿರಾನ್‌ಮೆಂಟ್ ಗೊತ್ತಿಲ್ಲ, ಅದರೊಳಗಿನ ಪೈಥಾನ್‌ನ ಪೂರ್ತಿ ಪಾಥ್ ಕೊಡಿ. ಮ್ಯಾನೇಜ್ ಡಾಟ್ ಪೈಗೂ ಅಷ್ಟೇ. ಲಾಗ್ ಫೈಲಿನ ಹೆಸರಲ್ಲಿ ತಾರೀಖು ಬರಲಿ ಅಂತ ಶೇಕಡಾ ಚಿಹ್ನೆ ಹಾಕಿದ್ದರೆ ಅದಕ್ಕೂ ಮೊದಲು ಬ್ಯಾಕ್‌ಸ್ಲ್ಯಾಶ್ ಇರಬೇಕು. ಇಲ್ಲದಿದ್ದರೆ ಕ್ರಾನ್ ಸಾಲನ್ನು ಅಲ್ಲಿಗೇ ಕತ್ತರಿಸುತ್ತೆ.