ಬಿಎಂಐ ಲೆಕ್ಕದಲ್ಲಿ ನಾನು ಎಡವಿದ್ದು

ಮೊದಲ ಸಲ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ತೋರಿಸುವ ಅಂಕಿ) ಲೆಕ್ಕ ಹಾಕಿದಾಗ ಬಂದ ಉತ್ತರ 0.00255! ಎತ್ತರವನ್ನು ಸೆಂಟಿಮೀಟರಿನಲ್ಲೇ ಹಾಕಿಬಿಟ್ಟಿದ್ದೆ. ಮೀಟರಿನಲ್ಲಿ ಹಾಕಬೇಕು. ನನ್ನ ಎತ್ತರ 1.68 ಮೀಟರ್, ಅದನ್ನು ಅದರಿಂದಲೇ ಗುಣಿಸಿದರೆ ಸುಮಾರು 2.82, ನನ್ನ 72 ಕೆಜಿ ತೂಕವನ್ನು ಅದರಿಂದ ಭಾಗಿಸಿದರೆ 25.5. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಲೆಕ್ಕದಲ್ಲಿ ವಯಸ್ಕರಿಗೆ 18.5ರಿಂದ 24.9 ಸರಿಯಾದ ತೂಕ, 25ರಿಂದ ಜಾಸ್ತಿ ತೂಕ, 30ರಿಂದ ಬೊಜ್ಜು. ಅಂದರೆ ನಾನು ಗೆರೆ ದಾಟಿದ್ದೇನೆ, ಸ್ವಲ್ಪವೇ ಸ್ವಲ್ಪ.

ಆದರೆ ತೂಕದ ಮಷೀನಿಗೆ ಕೊಬ್ಬು ಯಾವುದು, ಸ್ನಾಯು ಯಾವುದು ಗೊತ್ತಾಗಲ್ಲ ಅಲ್ವಾ? ಕಸರತ್ತು ಮಾಡಿ ಮೈ ಕಟ್ಟಿಕೊಂಡವನಿಗೂ 27 ಬರಬಹುದು. ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಮುಂದೆ ಬಂದವನು 23ರಲ್ಲಿ ಆರಾಮಾಗಿ ಕೂತಿರಬಹುದು. 1830ರ ದಶಕದಲ್ಲಿ ಈ ಲೆಕ್ಕ ಹೊಳೆದಿದ್ದು ಡಾಕ್ಟರಿಗಲ್ಲ, ಬೆಲ್ಜಿಯಂನ ಗಣಿತಜ್ಞ ಕೆಟ್ಲೆಗೆ. ಈಗ ಟೇಪು ಹಿಡಿದು ಸೊಂಟದ ಸುತ್ತಳತೆಯನ್ನೂ ಬರೆದಿಡುತ್ತೇನೆ, ಹೊಟ್ಟೆ ಒಳಗೆಳೆದುಕೊಳ್ಳದೆ!