ಬಂಡೆ ಕೊರೆದ ದಾರಿಯಲ್ಲಿ: ವೆರ್ಕೋರ್ ಬೆಟ್ಟಗಳ ನಡುವೆ ಎರಡು ದಿನ

ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿರುವ ನನ್ನ ಕಚೇರಿಯ ಕಿಟಕಿಯಿಂದ ಪಶ್ಚಿಮಕ್ಕೆ ನೋಡಿದರೆ ಸುಣ್ಣದಕಲ್ಲಿನ ಬೆಟ್ಟಸಾಲೊಂದು ಕೋಟೆಗೋಡೆಯಂತೆ ಕಾಣುತ್ತದೆ. ಅದು ವೆರ್ಕೋರ್. ಆರು ವರ್ಷ ದಿನವೂ ನೋಡಿದ್ದ ಆ ಗೋಡೆಯ ಆಚೆ ಜನ ಹೇಗೆ ಬದುಕಿದ್ದಾರೆ ಎಂಬುದು ನನಗೆ ತಿಳಿದದ್ದು ಕಳೆದ ಜೂನ್‌ನಲ್ಲಿ, ಇಲ್ಲಿನ ಸೈಕಲ್ ಬಳಗವೊಂದರ ಹತ್ತು ಮಂದಿಯ ಜೊತೆ ಎರಡು ದಿನ ಅದನ್ನು ಹತ್ತಿ ಇಳಿದಾಗ.

ಬೆಳಗಿನ ರೈಲಿನಲ್ಲಿ ಸೈಕಲ್‌ಗಳನ್ನು ಹೇರಿಕೊಂಡು ಬೆಟ್ಟದ ಪಶ್ಚಿಮ ತಪ್ಪಲಿನ ಸಣ್ಣ ನಿಲ್ದಾಣವೊಂದರಲ್ಲಿ ಇಳಿದೆವು. ಅಲ್ಲಿಂದ ಸೇಂ-ಝಾಂ-ಆಂ-ರ್ವಯಾಂ ಊರಿನವರೆಗೂ ಅಕ್ರೋಟಿನ ತೋಟಗಳು; ನಮ್ಮ ಕಡೆಯ ಅಡಕೆ ತೋಟಗಳಂತೆ ಅಳೆದು ನೆಟ್ಟ ಸಾಲುಗಳು, ಬುಡದಲ್ಲಿ ತಂಪು ನೆರಳು. ಈ ಸೀಮೆಯ ಅಕ್ರೋಟಿಗೆ 1938ರಿಂದಲೇ ಮೂಲಸ್ಥಾನದ ಅಧಿಕೃತ ಮನ್ನಣೆಯಿದೆ. ಬಳಗದ ಕ್ರಮವೂ ಅಲ್ಲಿಯೇ ತಿಳಿಯಿತು: ಎಲ್ಲರೂ ಒಂದೇ ಸಾಲು, ಮುಂದಿನವರು ಗುಂಡಿಯನ್ನೋ ವಾಹನವನ್ನೋ ಕಂಡು ಕೂಗಿದರೆ ಆ ಕೂಗನ್ನು ಒಬ್ಬರಿಂದೊಬ್ಬರು ಹಿಂದಕ್ಕೆ ದಾಟಿಸಬೇಕು, ದಾರಿ ಕವಲೊಡೆಯುವಲ್ಲಿ ಕೊನೆಯವರು ಬರುವ ತನಕ ಯಾರೂ ಮುಂದೆ ಹೋಗುವಂತಿಲ್ಲ. ಉಪಕರಣಗಳ ಚೀಲ ಹೊತ್ತು ಎಲ್ಲರಿಗಿಂತ ಹಿಂದೆ ಬರುತ್ತಿದ್ದವರು ನಿವೃತ್ತ ಶಾಲಾ ಶಿಕ್ಷಕಿ, ಎಪ್ಪತ್ತು ದಾಟಿದವರು. ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು ಎಂದು ಅವರು ಮೊದಲ ಏರಿನ ಬುಡದಲ್ಲಿಯೇ ನನಗೆ ಹೇಳಿದರು. ವೆಲೋಸಿಯೋ ಎಂಬ ಹೆಸರಿನಿಂದ ಪ್ರಸಿದ್ಧರಾಗಿ, ಫ್ರೆಂಚರಿಗೆ ಸೈಕಲ್ ಪ್ರವಾಸದ ಹುಚ್ಚು ಹಿಡಿಸಿದ ಪಾಲ್ ದ ವಿವಿಯವರ ಈ ಮಾತು ಇಲ್ಲಿನ ಸವಾರರಿಗೆ ಗಾದೆಯಂತೆ ಬಾಯಿಗೆ ಬರುತ್ತದೆ.

ಸೇಂ-ಝಾಂನಿಂದ ಮೇಲಕ್ಕೆ ಕೊಂಬ್ ಲವಾಲ್ ದಾರಿ ಆರಂಭವಾಗುತ್ತದೆ. ಹನ್ನೆರಡು ಕಿಲೋಮೀಟರಿಗೆ ಸುಮಾರು 750 ಮೀಟರ್ ಏರು. ಮೊದಲೆಲ್ಲ ಕಾಡು, ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ದಾರಿಗೆ ಕಾಲೂರಲು ನೆಲವೇ ಇಲ್ಲದಂತಾಗಿ, ಕಡಿದಾದ ಬಂಡೆಯ ಮೈಯಲ್ಲಿ ಕೊರೆದ ಅಂಚಿನ ಮೇಲೆ, ಸಣ್ಣ ಸಣ್ಣ ಸುರಂಗಗಳ ಮೂಲಕ ಅದು ಸಾಗುತ್ತದೆ. ಮೊಣಕಾಲೆತ್ತರದ ಕಲ್ಲುಕಟ್ಟೆಯ ಆಚೆ ನೂರಾರು ಮೀಟರ್ ಪ್ರಪಾತ. ಮೇಲಿನ ಲಾಂತ್ ಕಾಡಿನ ಮರವನ್ನು ಕೆಳಕ್ಕೆ ಸಾಗಿಸಲೆಂದು 1861ರಲ್ಲಿ ಶುರುವಾದ ಈ ರಸ್ತೆ ಮುಗಿದದ್ದು 1898ರಲ್ಲಿ. ಹಗ್ಗಕ್ಕೆ ಜೋತುಬಿದ್ದು ಬಂಡೆಗೆ ತೂತು ಕೊರೆದು ಸಿಡಿಸಿದವರ ಕೆಲಸ ಅದು. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಚಿಕ್ಕಂದಿನಿಂದ ಬಸ್ಸಿನಲ್ಲಿ ಹತ್ತಿ ಇಳಿದವನು ನಾನು. ಆದರೆ ಘಾಟಿಯ ರಸ್ತೆಯನ್ನು ಯಾರು ಕಡಿದರು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಗಂಟೆಗೆ ಏಳು ಕಿಲೋಮೀಟರ್ ವೇಗದಲ್ಲಿ, ಬಂಡೆಗೆ ಭುಜ ತಾಗುವಷ್ಟು ಹತ್ತಿರ ಹತ್ತುವಾಗ ಆ ಪ್ರಶ್ನೆ ತಾನಾಗಿಯೇ ಬಂತು.

ಎರಡನೆಯ ಸುರಂಗ ದಾಟಿದೊಡನೆ ನನ್ನ ಹಿಂದಿನ ಚಕ್ರದ ಗಾಳಿ ಹೋಯಿತು. ಶಿಕ್ಷಕಿ ಕಲ್ಲುಕಟ್ಟೆಯ ಮೇಲೆ ಕುಳಿತು ಟಯರಿನ ಒಳಮೈಯನ್ನು ಬೆರಳ ತುದಿಯಿಂದ ಸುತ್ತಲೂ ಸವರಿ, ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ಹುಡುಕಿ, ಉಗುರಿನಷ್ಟೂ ಇಲ್ಲದ ಬಿಳಿಕಲ್ಲಿನ ಚೂರನ್ನು ತೆಗೆದು ನನ್ನ ಅಂಗೈಗೆ ಹಾಕಿದರು. ಅದನ್ನು ತೆಗೆಯದೆ ತೇಪೆ ಹಚ್ಚಿದ್ದರೆ ಮುಂದಿನ ತಿರುವಿನಲ್ಲಿಯೇ ಮತ್ತೆ ನಿಲ್ಲಬೇಕಾಗುತ್ತಿತ್ತು. ಇಪ್ಪತ್ತು ನಿಮಿಷ ಹತ್ತೂ ಮಂದಿ ಅಲ್ಲಿಯೇ ನಿಂತಿದ್ದರು. ಒಬ್ಬರೂ ಗಡಿಯಾರ ನೋಡಲಿಲ್ಲ.

ಲಾಂತ್ ಕಾಡಿನ ನೆರಳಿನಲ್ಲಿ ಸಾಗಿ, 1337 ಮೀಟರ್ ಎತ್ತರದ ಲಾಶೋ ಕಣಿವೆಮಾರ್ಗ ದಾಟಿ, ಸಂಜೆ ವಸ್ಯೂ ಎಂಬ ಹಳ್ಳಿಗೆ ಇಳಿದೆವು. ಸುತ್ತ ಹುಲ್ಲುಗಾವಲು, ನಡುವೆ ಮನೆಗಳು. ಪರ್ವತದ ಹಳ್ಳಿಯೊಂದಕ್ಕೆ ತಕ್ಕಷ್ಟು ಹಳತಾಗಿ ಯಾವ ಮನೆಯೂ ಕಾಣದಿರುವುದಕ್ಕೆ ಕಾರಣವಿದೆ. ಕಡಿದಾದ ಬಂಡೆಗಳು ಕಾಯುತ್ತವೆ ಎಂಬ ನಂಬಿಕೆಯಿಂದಲೇ ಎರಡನೆಯ ಮಹಾಯುದ್ಧದಲ್ಲಿ ಫ್ರೆಂಚ್ ಪ್ರತಿರೋಧ ಪಡೆಯ ಸಾವಿರಾರು ಯುವಕರು ವೆರ್ಕೋರ್‌ನಲ್ಲಿ ನೆಲೆ ನಿಂತಿದ್ದರು. ಮಿತ್ರಪಕ್ಷದ ವಿಮಾನಗಳು ಇಳಿಯಲೆಂದು ವಸ್ಯೂ ಬಯಲಿನಲ್ಲಿ ಅವರು ಇಳಿದಾಣವನ್ನು ಸಿದ್ಧಪಡಿಸುತ್ತಿದ್ದರು. 1944ರ ಜುಲೈ 21ರಂದು ಅಲ್ಲಿಗೆ ಬಂದದ್ದು ಜರ್ಮನ್ ಸೈನಿಕರನ್ನು ಹೊತ್ತ ಗ್ಲೈಡರುಗಳು, ಅಂದರೆ ಎಂಜಿನ್ ಇಲ್ಲದ ವಿಮಾನಗಳು. ಹೋರಾಟಗಾರರ ಜೊತೆಗೆ ಹಳ್ಳಿಯ ಎಪ್ಪತ್ತಕ್ಕೂ ಹೆಚ್ಚು ನಿವಾಸಿಗಳು ಸತ್ತರು, ಊರು ಸುಟ್ಟುಹೋಯಿತು. ಫ್ರಾನ್ಸ್ ವಿಮೋಚನಾ ಸಂಗಾತಿ ಎಂಬ ಗೌರವವನ್ನಿತ್ತ ಐದೇ ಊರುಗಳಲ್ಲಿ, ಪ್ಯಾರಿಸಿನ ಸಾಲಿನಲ್ಲಿ, ಈ ಪುಟ್ಟ ಹಳ್ಳಿಯೂ ಸೇರಿದೆ. ಊರ ಹೊರಗಿನ ಸ್ಮಶಾನದಲ್ಲಿ ಬಿಳಿಯ ಶಿಲುಬೆಗಳ ನಡುವೆ ನಾವು ಹನ್ನೊಂದು ಮಂದಿ ಹೆಲ್ಮೆಟ್ ಕೈಯಲ್ಲಿ ಹಿಡಿದು ನಡೆದೆವು. ಹತ್ತಿರ ಹೋಗಿ ಓದಿದಾಗ ಒಂದೇ ಮನೆತನದ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಮೂರನೆಯ ಸಾಲಿನ ಆಚೆಗೆ ಓದಲು ನನ್ನಿಂದಾಗಲಿಲ್ಲ.

ರಾತ್ರಿಯ ಊಟಕ್ಕೆ ಈ ಕಡೆಯ ರವಿಯೋಲ್: ಚೀಸ್ ಮತ್ತು ಪಾರ್ಸ್ಲಿ ಸೊಪ್ಪು ತುಂಬಿದ, ಬೆರಳುಗುರಿನಷ್ಟೇ ಚೌಕದ ಹಿಟ್ಟಿನ ತುಂಡುಗಳು, ಕುದಿಯುವ ನೀರಿನಲ್ಲಿ ಒಂದೇ ನಿಮಿಷಕ್ಕೆ ಬೆಂದು ತೇಲುತ್ತವೆ. ಮಾಂಸ ತಿನ್ನದ ನನಗೆ ಈ ದೇಶದ ಬೆಟ್ಟಗಳಲ್ಲಿ ಇದಕ್ಕಿಂತ ಒಳ್ಳೆಯ ಊಟ ಸಿಕ್ಕಿಲ್ಲ.

ಮರುದಿನ ಬೆಳಿಗ್ಗೆ ಚಳಿಗೆ ಕೋಟು ತೊಟ್ಟು ರೂಸೆ ಕಣಿವೆಮಾರ್ಗದ ಸುರಂಗವನ್ನು ಹೊಕ್ಕೆವು. ಈ ಕಡೆ ಫರ್ ಮರಗಳ ಒದ್ದೆ ಕಾಡು, ಮಂಜು; ಆಚೆ ಬಾಯಿಗೆ ಬಂದೊಡನೆ ಕಣ್ಣು ಕುಕ್ಕುವ ಬಿಸಿಲು, ಬೋಳು ಬಂಡೆ, ಒಣ ಗಾಳಿ. ಮಲೆನಾಡಿನಿಂದ ಬಯಲುಸೀಮೆಗೆ ಬಸ್ಸಿನಲ್ಲಿ ಅರ್ಧ ದಿನದಲ್ಲಿ ಕಾಣುವ ಬದಲಾವಣೆಯನ್ನು ಇಲ್ಲಿ ಒಂದು ಸುರಂಗವೇ ತೋರಿಸಿಬಿಡುತ್ತದೆ. ಅಲ್ಲಿಂದ ದೀ ಪಟ್ಟಣದವರೆಗೆ ಇಪ್ಪತ್ತು ಕಿಲೋಮೀಟರ್ ಬರೀ ಇಳಿಜಾರು: ಒಂದರ ಕೆಳಗೊಂದು ಮಡಿಚಿಕೊಂಡ ತಿರುವುಗಳು, ಕೆಳಗಿಳಿದಂತೆ ಲ್ಯಾವೆಂಡರ್ ಹೊಲಗಳು, ಆಮೇಲೆ ದ್ರಾಕ್ಷಿ ತೋಟಗಳು.

ದೀ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಿದ್ದಾಗ ಶಿಕ್ಷಕಿ ನನ್ನ ಸೈಕಲ್ಲಿನ ಬಳಿಗೆ ಬಂದು, ಬಿಳಿ ಧೂಳು ಮೆತ್ತಿದ ಹಿಂದಿನ ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಗಾಳಿ ಹಾಗೆಯೇ ಇತ್ತು.