ಲೋಥಲ್‌ನ ಬಚ್ಚಲುಗಳನ್ನು ನೋಡಲು ಹೋಗುವವರಿಗೆ

ಸಿಂಧೂ ಕಣಿವೆ ನಾಗರಿಕತೆಯ ಪ್ರಾಚೀನ ಊರಾದ ಗುಜರಾತಿನ ಲೋಥಲ್‌ಗೆ ಬರುವವರಲ್ಲಿ ಬಹಳಷ್ಟು ಮಂದಿ ಹಡಗುಕಟ್ಟೆಯೆಂದು ಹೆಸರಾದ ದೊಡ್ಡ ಇಟ್ಟಿಗೆ ಕೊಳದ ಬಳಿ ಫೋಟೋ ತೆಗೆಸಿಕೊಂಡು ಹಿಂದಿರುಗಿಬಿಡುತ್ತಾರೆ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಜನ ಸ್ನಾನ ಮಾಡಿದ, ಕೊಳೆನೀರು ಹರಿಯಬಿಟ್ಟ ಜಾಗಗಳು ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಇವೆ; ನನ್ನ ಮಟ್ಟಿಗೆ ಅಷ್ಟು ದೂರದ ಪ್ರಯಾಣ ಸಾರ್ಥಕವಾಗುವುದು ಅವುಗಳಿಂದಲೇ.

ಅಹಮದಾಬಾದಿನಿಂದ ದಾರಿ ಸುಮಾರು 80 ಕಿ.ಮೀ. ಲೋಥಲ್-ಭುರ್ಖಿ ಎಂಬ ರೈಲು ನಿಲ್ದಾಣವಿದ್ದರೂ, ಹೋಗಿ ಬರಲು ಒಂದೇ ಬಾಡಿಗೆ ಕಾರು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಬಯಲಿನಲ್ಲಿ ನೆರಳು ಕಡಿಮೆಯಾದ್ದರಿಂದ ನವೆಂಬರ್‌ನಿಂದ ಫೆಬ್ರುವರಿಯೊಳಗೆ, ಅದರಲ್ಲೂ ಬೆಳಗಿನ ಹೊತ್ತು ಹೋಗಬೇಕು. ಓರೆ ಬಿಸಿಲಿನಲ್ಲಿ ಇಟ್ಟಿಗೆ ಸಾಲುಗಳ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಕುಡಿಯುವ ನೀರು, ಟೋಪಿ, ಬುತ್ತಿ ಜೊತೆಗಿರಲಿ.

ಮೊದಲು ವಸ್ತುಸಂಗ್ರಹಾಲಯ ನೋಡಿ. ಮಡಕೆ, ಮಣಿ, ತೂಕದ ಕಲ್ಲುಗಳನ್ನು ಕಂಡ ಮೇಲೆ ಹೊರಗಿನ ತಳಪಾಯಗಳಲ್ಲಿ ಮನೆಗಳನ್ನು ಕಲ್ಪಿಸಿಕೊಳ್ಳುವುದು ಸುಲಭ. ಬಳಿಕ ನೇರವಾಗಿ ಎತ್ತರದ ಭಾಗಕ್ಕೆ ಹೋಗಿ, ಸಾಲಾಗಿರುವ 12 ಬಚ್ಚಲುಗಳ ಎದುರು ಕುಕ್ಕರುಗಾಲಿನಲ್ಲಿ ಕುಳಿತು ನೋಡಿ. ಊರಿನ ಮನೆಗಳನ್ನು ಹೆಚ್ಚಾಗಿ ಹಸಿ ಇಟ್ಟಿಗೆಯಲ್ಲಿ ಕಟ್ಟಿದ್ದ ಜನ, ನೀರು ತಾಗುವ ಕಡೆ ಮಾತ್ರ ಸುಟ್ಟ ಇಟ್ಟಿಗೆಯನ್ನು ಒತ್ತೊತ್ತಾಗಿ ಜೋಡಿಸಿದ್ದಾರೆ. ನೆಲ ಮೋರಿಯತ್ತ ಇಳಿಜಾರಾಗಿದೆ, ಮೋರಿ ದೊಡ್ಡ ಚರಂಡಿಯನ್ನು ಸೇರುತ್ತದೆ. ನಮ್ಮ ಹಳ್ಳಿಮನೆಗಳ ಬಚ್ಚಲನ್ನು ಬಲ್ಲವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಒಂದು ಬಚ್ಚಲಿನಿಂದ ಹೊರಟ ನೀರಿನ ಜಾಡು ಹಿಡಿದು ಚರಂಡಿಯ ಪಕ್ಕದಲ್ಲೇ ನಡೆಯುತ್ತಾ ಹೋದರೆ, ಇಳಿಜಾರನ್ನು ಎಷ್ಟು ಲೆಕ್ಕ ಹಾಕಿ ಕೊಟ್ಟಿದ್ದಾರೆಂಬುದು ನಿಮಗೇ ಗೊತ್ತಾಗುತ್ತದೆ. ಕೆಳಊರಿನ ಕೆಲವು ಮನೆಗಳಲ್ಲಿ ಚರಂಡಿಯ ಬದಲು ನೆಲದಲ್ಲಿ ಹೂತ ಹರವಿಗಳಿಗೆ ಕೊಳೆನೀರು ಬಿಟ್ಟು ಇಂಗಿಸುತ್ತಿದ್ದರು.

ಕೆಳಊರಿನಲ್ಲಿ ಮಣಿ ತಯಾರಿಸುವವರ ಕೆಲಸದ ಮನೆಯೂ ಇದೆ: ನಡುವೆ ಅಂಗಳ, ಸುತ್ತ ಕೋಣೆಗಳು, ಸಮೀಪದಲ್ಲೇ ಕುಲುಮೆ. ಎಲ್ಲ ಕಟ್ಟಡಗಳ ಕೆಳಗೆ ಹಸಿ ಇಟ್ಟಿಗೆಯ ಎತ್ತರದ ಜಗಲಿಗಳಿರುವುದು ನೆರೆಯ ಭಯದಿಂದ. ಕೊನೆಗೂ ಆ ನೆರೆಯೇ ಊರನ್ನು ಕೆಡಿಸಿತೆಂಬುದು 1955ರಿಂದ ಇಲ್ಲಿ ಉತ್ಖನನ ನಡೆಸಿದ ಕನ್ನಡಿಗ ಪುರಾತತ್ತ್ವಜ್ಞ ಎಸ್. ಆರ್. ರಾವ್ ಅವರ ಅಭಿಪ್ರಾಯ.

ಇವಿಷ್ಟಕ್ಕೆ ಮೂರು ಗಂಟೆಯಾದರೂ ಇಟ್ಟುಕೊಳ್ಳಿ, ಹಡಗುಕಟ್ಟೆಯನ್ನು ಕೊನೆಗೆ ನೋಡಿದರೆ ಸಾಕು. ಮಕ್ಕಳು ಜೊತೆಗಿದ್ದರೆ ಗೋಡೆಯ ಸಾಲುಗಳ ಮೇಲೆ ಹತ್ತದಂತೆ ಮೊದಲೇ ಹೇಳಿಡಿ, ಏಕೆಂದರೆ ಅಂಚಿನ ಇಟ್ಟಿಗೆಗಳು ಉಪ್ಪು ಹಿಡಿದು ಪುಡಿಯಾಗುತ್ತಿವೆ.